ಹೊಸ ಹಡಗಿಗೆ ಎಷ್ಟು ದಿನ

ಕಡಲಗಡಿಯ ಅರಸ ವೀರಮಲ್ಲ ಡಂಗುರ ಹೊಡೆಸಿದ: "ಹನ್ನೆರಡು ಹೊಸ ಹಡಗುಗಳು ನೀರಿಗಿಳಿದಿವೆ. ನನ್ನ ಮೂರು ಒಗಟು ಬಿಡಿಸಿದವನು ಹೇಳಿದ ದಿನ ಅವು ಯುದ್ಧಕ್ಕೆ ಹೊರಡುತ್ತವೆ. ಬಿಡಿಸಲು ಬಂದು ಸೋತವನ ತಲೆ ಉಳಿಯದು."

ಹಿಂದಿನ ವರ್ಷ ಇಳಿಸಿದ ದಿನವೇ ಕಳಿಸಿದ ಹಡಗುಗಳು ಹೋರಾಡದೆ ಮುಳುಗಿದ್ದವು. ಅರಸನ ತಮ್ಮ ಅವುಗಳಲ್ಲಿದ್ದ. ಆಮೇಲೆ ಅರಸ ಯಾರನ್ನೂ ನಂಬಲಿಲ್ಲ.

ಮೊದಲ ಒಗಟು: ನೀರು ಕುಡಿದ ಮೇಲಷ್ಟೇ ನೀರನ್ನು ತಡೆಯುವುದು ಯಾವುದು? ಜೋಯಿಸ ಮೋಡವೆಂದ, ತಲೆ ಹೋಯಿತು. ದಂಡನಾಯಕ ಸಂಗಮ, ಕಳೆದ ಸಲ ಹೇಳಿದಂತೆಯೇ, ಒಗಟೇಕೆ, ಇವತ್ತೇ ಹೊರಡಲಿ ಎಂದ. ಅವನ ತಲೆಯ ಮಾತು ಆಮೇಲೆ ಎಂದು ಅರಸ ಅವನನ್ನು ಕಾವಲುಗಾರರ ನಡುವೆ ನಿಲ್ಲಿಸಿದ.

ಆಗ ಬಂದವನು ದೂಮ. ಹಲಗೆಯ ಸಂದಿಗೆ ಹತ್ತಿ ತುರುಕಿ ರಾಳ ಮೆತ್ತುವವನು. ಅವನ ಅಣ್ಣ ಹೊಸ ಹಡಗೊಂದರಲ್ಲಿ ಹುಟ್ಟು ಹಾಕುವವನು.

"ಇವನನ್ನು ಕೂರಿಸಬೇಡಿ, ಅಂಟಿಕೊಂಡಾನು," ಎಂದ ಸಂಗಮ.

"ಹಲಗೆ, ಒಡೆಯ," ಎಂದು ದೂಮ ಮೊದಲ ಒಗಟಿಗೆ ಉತ್ತರಿಸಿದ.

ಎರಡನೆಯದು: ಹೊಸದಿದ್ದಾಗ ಎಳೆದಷ್ಟೂ ಬೆಳೆದು, ಹಳತಾದ ಮೇಲೆ ಬೆಳೆಯದ್ದು ಯಾವುದು? ಹಗ್ಗ ಎಂದ. ಮೂರನೆಯದು: ನೂರು ಕೈ ಒಂದೇ ಕೈಯಾಯಿತೆಂದು ಗೊತ್ತಾಗುವುದು ಯಾವಾಗ? ತಮಟೆ ನಿಲ್ಲಿಸಿದಾಗ ಎಂದ.

"ಬಿಡಿಸಿ ಹೇಳು. ತಪ್ಪಿದರೆ ತಲೆ ಹೋಗುತ್ತದೆ," ಎಂದ ಅರಸ.

ದೂಮ ವಿವರಿಸಿದ. ಹಲಗೆ ನೆನೆದು ಉಬ್ಬಿ ಸಂದಿ ಮುಚ್ಚಲು ಏಳು ದಿನ. ಅಲ್ಲಿಯವರೆಗೆ ನೀರು ಮೊಗೆಯಬೇಕು. ಹಾಯಿ ಎಳೆದಂತೆ ಸಡಿಲುವ ಹಗ್ಗವನ್ನು ಹತ್ತು ದಿನ ಬಿಗಿಯಬೇಕು. ಹುಟ್ಟು ಹಾಕುವವರಿಗೆ ತಾಳ ಕೊಡುವ ತಮಟೆ ನಿಂತರೂ ಹುಟ್ಟುಗಳು ಒಟ್ಟಿಗೆ ಬೀಳಲು ಇಪ್ಪತ್ತು ದಿನದ ಅಭ್ಯಾಸ ಬೇಕು.

"ಮೂವತ್ತೇಳು," ಎಂದು ಸಂಗಮ ನಕ್ಕ. "ಅಷ್ಟರಲ್ಲಿ ಶತ್ರು ನಮ್ಮ ಅಡುಗೆಮನೆಯಲ್ಲಿ ಉಣ್ಣುತ್ತಿರುತ್ತಾನೆ."

"ಹಾಗೆ ಕೂಡಿಸಬಾರದು, ನಾಯಕರೇ. ಹಗ್ಗ ಬಿಗಿಯುವುದೂ ಹುಟ್ಟಿನ ಅಭ್ಯಾಸವೂ ಒಟ್ಟಿಗೆ ನಡೆಯುತ್ತವೆ. ಹಲಗೆ ಮಾತ್ರ ಮೊದಲು. ಇಪ್ಪತ್ತೇಳು."

"ಶತ್ರು ಮೊದಲೇ ಬಂದರೆ?" ಎಂದ ಅರಸ.

"ಹಳೆಯ ಹಡಗು ಕಳಿಸಿ, ಒಡೆಯ. ಹೊಸವು ತಾವೇ ಮುಳುಗಿ ಶತ್ರುವಿಗೆ ಕೆಲಸವನ್ನೇ ಉಳಿಸುವುದಿಲ್ಲ."

ಅರಸ ತನ್ನ ಮುದ್ರೆಯುಂಗುರ ತೆಗೆದು ದೂಮನ ರಾಳದ ಬೆರಳಿಗೆ ತೊಡಿಸಿದ. ಇವನು ಒಪ್ಪದೆ ಇನ್ನು ಯಾವ ಹೊಸ ಹಡಗೂ ಯುದ್ಧಕ್ಕೆ ಹೋಗಕೂಡದು ಎಂದು ಆಜ್ಞೆ ಮಾಡಿ, ಇನ್ನೇನು ಬೇಕು ಎಂದು ಕೇಳಿದ.

"ನೀರು ಮೊಗೆಯಲು ಒಬ್ಬ ಆಳು ಬೇಕು," ಎಂದ ದೂಮ ಸಂಗಮನತ್ತ ನೋಡುತ್ತ.

ಸಂಗಮನ ತಲೆ ಉಳಿಯಿತು. ಅವನ ಕೈಗೆ ತೆಂಗಿನ ಚಿಪ್ಪು ಕೊಟ್ಟು ಹಡಗಿನ ತಳಕ್ಕಿಳಿಸಿದರು. ಆರು ದಿನ ಅವನು ಬೈಯುತ್ತ ಮೊಗೆದ. ಏಳನೆಯ ಸಂಜೆ ಚಿಪ್ಪು ನೀರಿಲ್ಲದ ಹಲಗೆಯನ್ನು ಕೆರೆಯಿತು.