ಹರಿಗೋಲಿನ ಒಳಹೆಣಿಗೆ

ಹೊಳೆದಂಡೆಯ ಆಶ್ರಮಕ್ಕೆ ಹರಿಗೋಲು ಹೆಣೆದು ಕೊಡುತ್ತಿದ್ದವನು ಶಿಷ್ಯ ಹಾಲಪ್ಪ. ಈಗ ಅವನ ಬೆರಳ ಗೆಣ್ಣುಗಳೆಲ್ಲ ಊದಿಕೊಂಡಿದ್ದವು.

ಗುರುಗಳ ಮುಂದೆ ಕೈ ಚಾಚಿದ.

“ಅಜ್ಜಾರೇ, ರಕ್ತದ ಕಾವಲು ಕಣಗಳೇ ನನ್ನ ಕೀಲು ತಿನ್ನುತ್ತಿವೆಯಂತೆ. ಡಾಕ್ಟರು ದಿನಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ಅಷ್ಟು ಸಾಲದು. ಆ ಕಣ ಒಂದೂ ಉಳಿಯದಂಥ ಮದ್ದು ಕೊಡಿ.”

“ಒಂದೂ?”

“ಒಂದೂ. ಹೀಗೇ ಆದರೆ ಈ ಕೈ ಇನ್ನು ಹೆಣೆಯುವುದಿಲ್ಲ.”

ಗುರುಗಳು ಹಿಂದೆ ರಕ್ತಪರೀಕ್ಷೆಯ ಕೆಲಸದಲ್ಲಿದ್ದವರು. ಹಳೆಯ ಸೂಕ್ಷ್ಮದರ್ಶಕ ತೆಗೆದರು. ಹಾಲಪ್ಪನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟರು.

“ನೋಡು.”

ಬಿಳಿಯ ಕಾವಲು ಕಣವೊಂದು ಮೈ ಚಾಚುತ್ತ, ಮೈ ಎಳೆದುಕೊಳ್ಳುತ್ತ ತೆವಳುತ್ತಿತ್ತು. ಹಾಲಪ್ಪ ಬೆಚ್ಚಿ ಹಿಂದೆ ಸರಿದ.

“ಮೂಳೆಯಿಲ್ಲ. ಹೇಗೆ ನಡೆಯುತ್ತದೆ?”

“ಒಳಗೆ ಪ್ರೋಟೀನಿನ ಎಳೆಗಳಿವೆ. ಕಣ ಅವನ್ನು ಕಟ್ಟಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಅದೇ ನಡಿಗೆ.”

“ಎಳೆ ಹೋದರೆ?”

ಗುರುಗಳು ಕುಡುಗೋಲು ಹಿಡಿದು ಎದ್ದರು.

ಹಾಲಪ್ಪ ಕೊನೆಯದಾಗಿ ಹೆಣೆದ ಹರಿಗೋಲಿನಲ್ಲಿ ಇಬ್ಬರೂ ಕೂತರು. ಎದೆಮಟ್ಟದ ನೀರಿಗೆ ಬಂದಾಗ ಗುರುಗಳು ಬಗ್ಗಿ, ಒಳಗಿನ ಬಿದಿರ ಸೀಳುಗಳನ್ನು ಕಡಿಯತೊಡಗಿದರು.

“ಅಜ್ಜಾರೇ, ಏನು ಮಾಡ್ತಿದ್ದೀರಿ?”

ಗುರುಗಳು ಕೈ ನಿಲ್ಲಿಸಲಿಲ್ಲ. ಹರಿಗೋಲು ನಡುವಿಗೆ ಮಡಚಿಕೊಂಡಿತು. ಇಬ್ಬರೂ ನೀರಿಗೆ ಬಿದ್ದರು.

ದಡ ಹತ್ತಿದ ಹಾಲಪ್ಪ ನೀರಿನತ್ತ ತಿರುಗಿದ.

“ನನ್ನ ಹರಿಗೋಲು,” ಎಂದ.

“ಚೆನ್ನಾಗಿ ಹೆಣೆದಿದ್ದೆ. ಕಡಿಯಲು ಹೊತ್ತು ಹಿಡಿಯಿತು.”

ಹಾಲಪ್ಪ ಹರಿಗೋಲಿನ ಮುದುಡಿದ ಹೊರಹೊದಿಕೆಯನ್ನು ಎಳೆದು ತಂದು ತಡವಿದ. ಎಲ್ಲೂ ತೂತಿರಲಿಲ್ಲ.

“ಕಣವೂ ಹೀಗೇ, ತನ್ನ ಎಳೆ ತಾನೇ ಕಡಿದುಕೊಂಡು ಸಾಯುತ್ತದೆ,” ಎಂದರು ಗುರುಗಳು. “ಹೊರಗಿನಿಂದ ಯಾರೂ ಇರಿಯಬೇಕಿಲ್ಲ.”

“ಮತ್ತೆ ನನ್ನ ಕೀಲು ತಿನ್ನುವವು?”

“ಕೆಲಸ ಮುಗಿದ ಮೇಲೆ ಸಾಯಬೇಕಿತ್ತು. ಸಾಯಲಿಲ್ಲ.”

“ಹಾಗಾದರೆ ಎಲ್ಲದರ ಎಳೆಯನ್ನೂ ಕಡಿದುಬಿಡಿ. ಅಂಥ ಮದ್ದಿಲ್ಲವೇ?”

“ಇದೆ.”

“ಕೊಡಿ,” ಎಂದು ಹಾಲಪ್ಪ ಕೈ ಚಾಚಿದ.

ಗುರುಗಳು ಅವನ ಕಾಲನ್ನೇ ನೋಡಿದರು.

ಹಾಲಪ್ಪನೂ ಬಗ್ಗಿ ನೋಡಿದ. ಬಿದಿರ ಸೀಳು ಮೀನಖಂಡವನ್ನು ಉದ್ದಕ್ಕೆ ಸೀಳಿತ್ತು. ಗಾಯದ ತುಂಬ ಹೊಳೆಯ ಕೆಸರು. ಅವನಿಗೆ ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ.

ಚಾಚಿದ ಕೈ ತಾನಾಗಿ ಕೆಳಗಿಳಿಯಿತು.

ಗುರುಗಳು ಒದ್ದೆ ಪಂಚೆ ಹಿಂಡುತ್ತ ಕೇಳಿದರು:

“ಈಗ ಕಾವಲಿಗೆ ಯಾರನ್ನು ಕರೆಯುತ್ತೀ?”