ತಿಮ್ಮವ್ವನ ಕೂಗು

ನಮ್ಮ ಮುತ್ತಜ್ಜಿಯರಿಗೂ ಮುತ್ತಜ್ಜಿ ಇದ್ದ ಕಾಲ. ಹೊಳೆದಂಡೆಯ ಒಂದು ಊರಲ್ಲಿ ತಿಮ್ಮವ್ವ ಅಂತ ಒಬ್ಬಳು ಇದ್ದಳಂತೆ. ಗಂಡ ಹುಲುಗಪ್ಪ ಹರಿಗೋಲು ಹಾಕುವ ಅಂಬಿಗ. ಊರಿಗೆಲ್ಲ ಇದ್ದದ್ದು ಅದೊಂದೇ ಹರಿಗೋಲು.

ಬೇರೆ ಊರಿನ ಅಂಬಿಗರು ಮನೆಗೆ ಹೋಗುವಾಗ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಹೋಗುತ್ತಿದ್ದರು. ಹುಟ್ಟಿಲ್ಲದ ಹರಿಗೋಲನ್ನು ಯಾರು ತಾನೇ ಒಯ್ದಾರು? ಹುಲುಗಪ್ಪ ಮಾತ್ರ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಹುಟ್ಟನ್ನು ಅದರಡಿಗೇ ಇಟ್ಟು ಹೊಲಕ್ಕೆ ಹೋಗುತ್ತಿದ್ದ. ಬೇಕಾದವರು ಒಯ್ಯಲಿ, ಕೆಲಸವಾದ ಮೇಲೆ ತಂದಿಡಲಿ, ಮನುಷ್ಯರೇನು ಅಷ್ಟು ಕೆಟ್ಟವರಲ್ಲ ಅನ್ನುವುದು ಅವನ ಮಾತು. ಇದನ್ನು ಕಂಡರೆ ತಿಮ್ಮವ್ವನಿಗೆ ಮೈಯೆಲ್ಲ ಉರಿಯುತ್ತಿತ್ತಂತೆ.

"ನಿನ್ನಂಥ ಮಳ್ಳನ್ನ ನಾ ಎಲ್ಲೂ ನೋಡಿಲ್ಲ" ಅನ್ನುತ್ತಿದ್ದಳು. ಅವನು ನಕ್ಕು ಹೊಲದ ದಾರಿ ಹಿಡಿಯುತ್ತಿದ್ದ. ಹರಿಗೋಲು ಒಮ್ಮೊಮ್ಮೆ ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು.

ಬಹಳ ವರ್ಷ ಕಾದು ತಿಮ್ಮವ್ವ ಬಸುರಾದಳು. ಸೂಲಗಿತ್ತಿ ಇದ್ದದ್ದು ಆಚೆ ದಂಡೆಯಲ್ಲಿ. ಹೊಳೆ ತುಂಬಿ ಹರಿಯುವ ಒಂದು ಮಧ್ಯಾಹ್ನವೇ ನೋವು ಶುರುವಾಗಬೇಕೆ? ಹುಲುಗಪ್ಪ ದಂಡೆಗೆ ಓಡಿದ. ಹರಿಗೋಲು ಆಚೆ ಕಡೆ ಇತ್ತು. ಈಜಿ ಹೋಗುವ ನೀರಲ್ಲ ಅದು. ಸೂಲಗಿತ್ತಿಯನ್ನು ಕರೆತನ್ನಿ ಎಂದು ಅವನು ಕೂಗಿದ, ಊರವರು ಕೂಗಿದರು. ಮನೆಯೊಳಗೆ ತಿಮ್ಮವ್ವ ಕೂಗುತ್ತಿದ್ದಳು.

ಒಯ್ದವನು ಕಳ್ಳನೇನಲ್ಲ. ಅದೇ ಊರಿನ ಬಡಗಿ ಮೌನೇಶ, ಬಲು ಒಳ್ಳೆಯವನು. ಆಚೆ ಊರಿನ ಮದುವೆಗೆ ಹೋಗಿ, ಹೊಟ್ಟೆ ತುಂಬ ಹೋಳಿಗೆ ಉಂಡು, ದಂಡೆಯ ಮರದ ಕೆಳಗೆ ಮಲಗಿಬಿಟ್ಟಿದ್ದ. ಒಳ್ಳೆಯವರಿಗೂ ಊಟದ ಮೇಲೆ ನಿದ್ದೆ ಬರುತ್ತದಲ್ಲ. ಕೂಗು ಕಿವಿಗೆ ಬಿದ್ದಾಗ ದಡಬಡಿಸಿ ಎದ್ದು, ಸೂಲಗಿತ್ತಿಯನ್ನು ಕೂರಿಸಿಕೊಂಡು, ಅಂಗೈ ಸುಲಿದುಹೋಗುವಂತೆ ಹುಟ್ಟು ಹಾಕಿದನಂತೆ. ತಿಮ್ಮವ್ವ ಉಳಿದಳು. ಕೂಸು ಉಳಿಯಲಿಲ್ಲ.

ಅಂದು ಹುಲುಗಪ್ಪ ಹುಟ್ಟನ್ನು ಮನೆಗೆ ತಂದು ಮೂಲೆಗೆ ನಿಲ್ಲಿಸಿದ. ಇಷ್ಟು ವರ್ಷ ತಿಮ್ಮವ್ವ ಕೇಳಿದ್ದೂ ಅದನ್ನೇ. ಈಗ ಅದು ಕಣ್ಣಿಗೆ ಬಿದ್ದರೆ ಅವಳು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಮೌನೇಶ ಬಂದು ಬಾಗಿಲ ಹೊರಗೇ ನಿಂತು ಅತ್ತು ಹೋದ. ಅವಳು ಅವನ ಮುಖ ನೋಡಲಿಲ್ಲ.

ಕೆಲವು ದಿನ ಕಳೆದವು. ಒಂದು ಮುಂಜಾನೆ ಹುಲುಗಪ್ಪ ಹೊಲಕ್ಕೆ ಹೋದಾಗ ದಂಡೆಯ ಕಡೆಯಿಂದ ಒಬ್ಬ ಹೆಂಗಸಿನ ಕೂಗು ಕೇಳಿತು. ಜ್ವರದಿಂದ ಸುಡುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದವಳಿಗೆ ಹರಿಗೋಲು ಕಂಡಿತ್ತು, ಹುಟ್ಟು ಸಿಕ್ಕಿರಲಿಲ್ಲ. ಆ ಕೂಗು ಎಂಥದ್ದೆಂದು ತಿಮ್ಮವ್ವನಿಗೆ ಗೊತ್ತು. ಹಸಿ ಮೈಯಲ್ಲೇ ಹುಟ್ಟು ಹೊತ್ತು ಓಡಿದಳಂತೆ.

"ಒಯ್ಯವ್ವ" ಅಂದಳು. "ಆದ್ರ ಆಚಿ ದಂಡಿ ಮುಟ್ಟಿದ ಮ್ಯಾಲೆ ತಿರುಗಿ ನಿಂತು ಕೂಗು. ಈ ಕಡೆ ಯಾರಿಗರ ಬೇಕೇನು ಅಂತ ಕೇಳು. ಬೇಕಂದ್ರ ಅಲ್ಲಿದ್ದವ್ರ ಕೈಲಿ ಹರಿಗೋಲು ಕಳಿಸು. ಕೇಳದ ಹೋಗಬ್ಯಾಡ."

ಹುಟ್ಟು ಮತ್ತೆ ಮನೆಗೆ ಹೋಗಲಿಲ್ಲ. ಹುಲುಗಪ್ಪ ಮಳ್ಳನೋ ಬಲ್ಲವನೋ ಎಂದು ಆ ಊರಿನ ಕಟ್ಟೆಯ ಮೇಲೆ ಇವತ್ತಿಗೂ ಜಗಳ ಹರಿದಿಲ್ಲ. ನಂಬಿ ಕೂಸು ಕಳೆದುಕೊಂಡ ಅನ್ನುತ್ತಾರೆ ಕೆಲವರು. ಆ ನಂಬಿಕೆ ಎಷ್ಟು ಕೂಸುಗಳನ್ನು ದಾಟಿಸಿತೋ ಅನ್ನುತ್ತಾರೆ ಉಳಿದವರು.

ಈಗ ಅಲ್ಲಿ ಸೇತುವೆ ಆಗಿದೆ. ಆದರೂ ಹರಿಗೋಲಿನಲ್ಲಿ ದಾಟಿದವರು ಆಚೆ ದಂಡೆಯಲ್ಲಿ ತಿರುಗಿ ನಿಂತು "ಬೇಕೇನ್ರೀ?" ಎಂದು ಕೂಗುತ್ತಾರೆ. ಯಾರೂ ಇಲ್ಲವೆಂದು ಕಣ್ಣಿಗೆ ಕಂಡರೂ ಸ್ವಲ್ಪ ಹೊತ್ತು ಕಾದೇ ಹೋಗುತ್ತಾರೆ.