ಗಿಡ್ಡ ಬಿಲ್ಲಿನ ಬಾಣ

ಸೂರ ಮೊದಲ ಸಲ ಊರು ಬಿಟ್ಟದ್ದು ಯುಗಾದಿಯ ಮರುದಿನ, ಹೊಸತೊಡಕಿನಂದು. ಬೇಟೆಯಲ್ಲಿ ಅವನ ಬಾಣ ಹಂದಿಯ ಎಡಕ್ಕೆ ಹಾದು ಹುತ್ತಕ್ಕೆ ನಾಟಿತ್ತು.

"ನಿನ್ನ ಬಾಣಕ್ಕೆ ಪಕ್ಕದೂರಿನ ದಾರಿ ಚೆನ್ನಾಗಿ ಗೊತ್ತು ಕಣೋ" ಎಂದು ಮಾವ ನಕ್ಕಿದ್ದ.

ತಾತನ ಗಿಡ್ಡ ಬಿಲ್ಲನ್ನು ಹೆಗಲಿಗೇರಿಸಿ ಹೊರಟವನು ಕಾಳಯ್ಯ ಎಂಬ ಗುರುವಿನ ಬಳಿ ನಿಂತ. ಕಾಳಯ್ಯ ಅವನಿಗೆ ಆಳೆತ್ತರದ ಬಿಲ್ಲೊಂದನ್ನೂ ಅದಕ್ಕೆ ಹೊಂದುವ ದಪ್ಪ ಬಾಣಗಳ ಕಟ್ಟನ್ನೂ ಕೊಟ್ಟರು. ಸೂರ ಬಾಣ ಮಾತ್ರ ಇಟ್ಟುಕೊಂಡ. ತಾತನ ಬಿಲ್ಲು ಬಿಡಲಿಲ್ಲ.

ಆ ಬಾಣಗಳೂ ಎಡಕ್ಕೇ ಹೋದವು. ನಿಮ್ಮ ಬಾಣ ಕುರುಡು ಎಂದು ಗುರುವನ್ನೇ ಬೈದು ಅಲ್ಲಿಂದಲೂ ಎದ್ದು ನಡೆದ. ಆಮೇಲೆ ಎಷ್ಟೋ ಊರು.

ಕೊನೆಗೆ ಹೊಳೆದಂಡೆಯಲ್ಲಿದ್ದ ಬಿಲ್ವಿದ್ಯೆಯ ಗುರು ಬಯ್ಯಪ್ಪನವರ ಗುಡಿಸಲಿಗೆ ಬಂದ.

"ಇಲ್ಲೂ ಆಗದಿದ್ದರೆ ಈ ಬಿಲ್ಲನ್ನು ಹೊಳೆಗೆ ಹಾಕ್ತೀನಿ ಅಯ್ಯಾ. ತಾತನದು ಅಂತ ಉಳಿದಿರೋದು ಇದೊಂದೇ."

ಬಯ್ಯಪ್ಪ ಬಿಲ್ಲನ್ನು ನೋಡಲಿಲ್ಲ. ಕಟ್ಟಿನಿಂದ ಒಂದು ಬಾಣ ತೆಗೆದು ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ.

"ಕಾಳಯ್ಯನವರು ಕೊಟ್ಟದ್ದು. ಗಟ್ಟಿ ಇದೆ ಅಲ್ವಾ ಅಯ್ಯಾ?"

"ಒನಕೆಯೂ ಗಟ್ಟಿ ಇರುತ್ತೆ" ಎಂದು ಸ್ನಾನಕ್ಕೆ ಇಳಿದರು.

ಸೂರ ಕಾಯಲಿಲ್ಲ. ಗಿಡ್ಡ ಬಿಲ್ಲಿಗೆ ಗಿಡ್ಡ ಬಾಣವೇ ಸರಿ ಎಂದುಕೊಂಡು ಇಡೀ ಕಟ್ಟನ್ನು ಕತ್ತರಿಸಿಹಾಕಿದ. ಒಂದನ್ನು ಹೂಡಿ ಎಳೆದ. ಕಣ್ಣು ಗುರಿಯ ಮೇಲಿತ್ತು.

ಒದ್ದೆ ಕೈಯೊಂದು ಬಂದು ಅವನ ಕೈಯನ್ನೂ ಹೆದೆಯನ್ನೂ ಒಟ್ಟಿಗೆ ಹಿಡಿಯಿತು.

"ಬಿಡಬೇಡ. ಮೊನೆ ಎಲ್ಲಿದೆ ನೋಡು."

ಮೊನೆ ಬಿಲ್ಲಿನಿಂದ ಒಳಗೆ ಜಾರಿ ಅವನ ಎಡಗೈ ಮುಷ್ಟಿಯ ಹಿಂದೆ ನಿಂತಿತ್ತು. ಬಿಟ್ಟಿದ್ದರೆ ಆ ಕೈಯನ್ನೇ ತೂರುತ್ತಿತ್ತು. ಗುರುಗಳು ಮೆಲ್ಲಗೆ ಹೆದೆ ಸಡಿಲಿಸಿದರು.

ಮರುದಿನ ಅವರು ಉದ್ದನೆಯ ಸಪೂರ ಬಿದಿರುಕಡ್ಡಿಯೊಂದನ್ನು ಹೂಡಿಸಿ ಎಳೆಯಲು ಹೇಳಿದರು. ತಾತನ ಬಿಲ್ಲು ಸಾಕೆಂದಲ್ಲಿ ನಿಲ್ಲಿಸಿ, ಬಿಲ್ಲಿನ ನೇರಕ್ಕೆ ಕಡ್ಡಿಯ ಮೇಲೆ ಇದ್ದಲಿನ ಗೀಟು ಹಾಕಿದರು. ಗೀಟಿನಿಂದ ಎರಡು ಬೆರಳು ಮುಂದಕ್ಕೆ ಕತ್ತರಿಸಿ ಮೊನೆ, ಗರಿ ಕಟ್ಟಿಸಿದರು.

ಬಿಟ್ಟರೆ, ಎಡಕ್ಕೆ. ಕಡ್ಡಿಯನ್ನು ತುಸು ಹೆರೆಸಿದರು. ಮತ್ತೆ ಎಡಕ್ಕೆ, ಆದರೆ ಮೊದಲಿನಷ್ಟಲ್ಲ. ಮತ್ತೆ ಹೆರೆಸಿದರು. ಅದರ ಬಳುಕು ಸೂರನ ಬೆರಳಿಗೆ ತಿಳಿಯುತ್ತ ಬಂತು.

ಒಂದು ಸಂಜೆ ಬಾಣ ನೆಟ್ಟಗೆ ಹೋಗಿ ಗುರಿಗೆಂದು ನೆಟ್ಟಿದ್ದ ಬಾಳೆದಿಂಡಿನಲ್ಲಿ ನಿಂತಿತು.

ಬಿಲ್ಲೇ ಎದುರಿಗೆ ಅಡ್ಡ ಇರುವಾಗ ಬಾಣ ನೆಟ್ಟಗೆ ಹೋದದ್ದು ಹೇಗೆಂದು ಸೂರ ಕೇಳಿದ.

ಗುರುಗಳು ಹೊಳೆಗಿಳಿಯುವ ಕಾಲುದಾರಿಯ ನಡುವೆ ಹೋಗಿ ನಿಂತರು.

"ನೀರು ತಾ."

ಇಕ್ಕಟ್ಟು ದಾರಿ. ಸೂರ ಬಿಂದಿಗೆ ಎತ್ತಿಕೊಂಡು, ಮೈ ಬಳುಕಿಸಿ, ಅವರಿಗೆ ಸೋಕದಂತೆ ದಾಟಿದ.

"ಹಾಗೆ" ಎಂದರು.

ಬೆಳಿಗ್ಗೆ ಸೂರ ಗಂಟು ಕಟ್ಟತೊಡಗಿದ. ಕಂಬಳಿ, ಹೊಸ ಬಾಣಗಳು, ತಾತನ ಬಿಲ್ಲು. ಕತ್ತರಿಸಿದ ಬಾಣಗಳನ್ನು ಒಲೆಗೆ ಹಾಕಲೇ ಎಂದು ಕೇಳಿದ.

ಬಯ್ಯಪ್ಪ ಅವನ್ನೆಲ್ಲ ಆಯ್ದು ಗಂಟಿನ ಮೇಲಿಟ್ಟರು.

"ಕಾಳಯ್ಯನಿಗೆ ಒಪ್ಪಿಸು. ಅವನ ಮನೆ ಬಾಗಿಲು ಗಿಡ್ಡ, ಬಗ್ಗಿ ಹೋಗು."